ಮಘಾ ನಕ್ಷತ್ರ, ಒಂದು ಹಗ್ಗ, ಒಂದು ಕೋಲು: ನಮ್ಮೂರಲ್ಲಿ ಸೇಗನ್ ಥರ ಆಕಾಶ ತೋರಿಸುವುದು ಹೇಗೆ

ನಿಮ್ಮ ಊರಲ್ಲಿ ಎಂಬತ್ತರ ಹತ್ತಿರದ ಅಜ್ಜ ಅಥವಾ ಅಜ್ಜಿ ಇದ್ದರೆ ಮೊದಲು ಅವರನ್ನು ಕರೆಯಿರಿ. ಮಕ್ಕಳು ಹೇಗೂ ಬರುತ್ತಾರೆ. ಅಜ್ಜ ಯಾಕೆ ಬೇಕು ಅಂತ ಮುಂದೆ ಹೇಳುತ್ತೇನೆ.

ನಾನು ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತೇನೆ. ವರ್ಷಕ್ಕೆ ಮೂರು ನಾಲ್ಕು ಸಲ ಊರವರನ್ನೆಲ್ಲ ಸೇರಿಸಿ ಆಕಾಶ ತೋರಿಸುತ್ತೇನೆ. ದೂರದರ್ಶಕ ನನ್ನ ಹತ್ತಿರ ಇಲ್ಲ. ಇದನ್ನು ನೀವೂ ಮಾಡಬಹುದು, ಟೀಚರೇ ಆಗಿರಬೇಕು ಅಂತೇನಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಸಲ ಮಾಡಿದ್ದು ಬೇರೆ ಊರಲ್ಲಿದ್ದಾಗ. ಪ್ರೊಜೆಕ್ಟರ್ ತರಿಸಿ, ನಲವತ್ತು ಸ್ಲೈಡ್ ಮಾಡಿ, ಗ್ರಹಗಳ ವ್ಯಾಸ, ದೂರ, ತೂಕ ಎಲ್ಲ ಒಂದೇ ಉಸಿರಿಗೆ ಹೇಳಿದೆ. ಅರ್ಧ ಗಂಟೆಯಲ್ಲಿ ದೊಡ್ಡವರು ಒಬ್ಬೊಬ್ಬರೇ ಎದ್ದು ಹೋದರು. ಒಬ್ಬ ತಾಯಿ ಹೋಗುವಾಗ ನಿಂತು, 'ಟೀಚರ್, ಇದೆಲ್ಲಾ ಪರೀಕ್ಷಾಕ್ಕ ಬರ್ತದೇನ್ರಿ?' ಅಂತ ಕೇಳಿದರು. ಆ ಮಾತು ಬಹಳ ದಿನ ಕಾಡಿತು. ನಾನು ಪಾಠ ಮಾಡಿದ್ದೆ, ಆದರೆ ಅವರಿಗೆ ಏನನ್ನೂ ತೋರಿಸಿರಲಿಲ್ಲ.

ಆಮೇಲೆ ಅಮೆರಿಕದ ಖಗೋಳ ವಿಜ್ಞಾನಿ ಕಾರ್ಲ್ ಸೇಗನ್ ಜನರಿಗೆ ವಿಜ್ಞಾನ ಹೇಗೆ ಹೇಳುತ್ತಿದ್ದರು ಅಂತ ಗಮನವಿಟ್ಟು ನೋಡಿದೆ. ಅವರು ಹುಟ್ಟಿದ್ದು 1934ರಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಅಪ್ಪ ಬಟ್ಟೆ ಕಾರ್ಖಾನೆಯಲ್ಲಿ ದುಡಿಯುತ್ತಿದ್ದವರು. ನಕ್ಷತ್ರ ಅಂದರೆ ಏನು ಅಂತ ಚಿಕ್ಕ ಹುಡುಗ ಯಾರನ್ನು ಕೇಳಿದರೂ ಸರಿಯಾದ ಉತ್ತರ ಸಿಗಲಿಲ್ಲ. ಲೈಬ್ರರಿಗೆ ಹೋಗಿ 'ಸ್ಟಾರ್' ಬಗ್ಗೆ ಪುಸ್ತಕ ಕೊಡಿ ಅಂದ. ಅವರು ಸಿನಿಮಾ ನಟನಟಿಯರ ಫೋಟೋ ಇರುವ ಪುಸ್ತಕ ಕೊಟ್ಟರು! ಕನ್ನಡದಲ್ಲೂ ತಾರೆ ಅಂದರೆ ಈ ಗೊಂದಲ ಆಗುತ್ತದೆ ಅಲ್ವಾ? ಸರಿಯಾದ ಪುಸ್ತಕ ಸಿಕ್ಕಾಗ ಅವನಿಗೆ ಗೊತ್ತಾಗಿದ್ದು ಇಷ್ಟು: ಸೂರ್ಯನೂ ಒಂದು ನಕ್ಷತ್ರ, ಹತ್ತಿರ ಇದೆ ಅಷ್ಟೇ. ಆಕಾಶದ ಚುಕ್ಕಿಗಳೆಲ್ಲ ಸೂರ್ಯರು, ಬಹಳ ದೂರ ಇದ್ದಾರೆ.

ಮುಂದೆ ಅವರು ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆದರು. ನಮ್ಮ ಬೆಳ್ಳಿ ಚುಕ್ಕಿ, ಅಂದರೆ ಶುಕ್ರ, ಕಾದ ಹಂಚಿನ ಹಾಗೆ ಸುಡುತ್ತಿರುವುದಕ್ಕೆ ಅಲ್ಲಿನ ದಟ್ಟ ಗಾಳಿ ಬಿಸಿಯನ್ನು ಹಿಡಿದಿಟ್ಟುಕೊಳ್ಳುವುದೇ ಕಾರಣ ಅಂತ ಲೆಕ್ಕ ಹಾಕಿ ತೋರಿಸಿದವರಲ್ಲಿ ಅವರೂ ಒಬ್ಬರು. 1980ರಲ್ಲಿ 'ಕಾಸ್ಮೋಸ್' ಅಂತ 13 ಕಂತಿನ ಟಿವಿ ಸರಣಿ ಮಾಡಿದರು. 60ಕ್ಕೂ ಹೆಚ್ಚು ದೇಶಗಳಲ್ಲಿ 50 ಕೋಟಿ ಜನ ನೋಡಿದ್ದಾರೆ ಅಂತ ಹೇಳುತ್ತಾರೆ. ನನಗೆ ಅದಕ್ಕಿಂತ ಮುಖ್ಯ ಅನಿಸಿದ್ದು ಅವರು ಮಾತು ಶುರು ಮಾಡುವ ಜಾಗ. ಭೂಮಿಯ ಅಳತೆ ಹೇಳಬೇಕಾದರೆ ಎರಡು ಕೋಲಿನ ನೆರಳಿನಿಂದ ಶುರು. ಪರಮಾಣು ಅಂದರೆ ಏನು ಅನ್ನಬೇಕಾದರೆ ಊಟದ ಮೇಜಿನ ಮೇಲಿನ ಸೇಬಿನ ತಿಂಡಿಯಿಂದ ಶುರು. ಕೇಳುವವರ ಮನೆಯಲ್ಲಿ ಏನಿದೆಯೋ ಅದನ್ನೇ ಹಿಡಿದು ದೂರಕ್ಕೆ ಕರೆದುಕೊಂಡು ಹೋಗುತ್ತಿದ್ದರು.

ಹಾಗಾದರೆ ನಮ್ಮ ಜನರ ಮನೆಯಲ್ಲಿ ಏನಿದೆ? ಮಳೆ ನಕ್ಷತ್ರ ಇದೆ. ಇದು ಹೊಳೆದ ದಿನ ನನಗೆ ನಿದ್ದೆ ಬರಲಿಲ್ಲ. ರೋಹಿಣಿ, ಮಿರಗ, ಆರಿದ್ರಾ, ಮಘಾ, ಹುಬ್ಬಾ, ಉತ್ತರಿ, ಚಿತ್ತಾ, ಸ್ವಾತಿ, ಈ ಹೆಸರುಗಳು ನಮ್ಮ ರೈತರ ಬಾಯಲ್ಲೇ ಇವೆ. ಯಾವ ಮಳೆಗೆ ಏನು ಬಿತ್ತಬೇಕು ಅಂತ ಅವರಿಗೆ ಗೊತ್ತು. ಆದರೆ ಆ ನಕ್ಷತ್ರವನ್ನು ಬೊಟ್ಟು ಮಾಡಿ ತೋರಿಸಿ ಅಂದರೆ ಬಹಳ ಜನ ಸುಮ್ಮನಾಗುತ್ತಾರೆ. ಅದಕ್ಕೆ ಕಾರಣವೂ ಇದೆ. ಮಿರಗ ಮಳೆ ಅಂದರೆ ಸೂರ್ಯ ಮೃಗಶಿರದ ಹತ್ತಿರ ಇರುವ ದಿನಗಳು. ಆಗ ಆ ನಕ್ಷತ್ರ ಹಗಲಲ್ಲೇ ಹುಟ್ಟಿ ಹಗಲಲ್ಲೇ ಮುಳುಗುತ್ತದೆ. ಮಳೆಗೆ ಯಾವ ನಕ್ಷತ್ರದ ಹೆಸರಿದೆಯೋ ಆ ಮಳೆಯಲ್ಲಿ ಅದು ಕಾಣುವುದೇ ಇಲ್ಲ. ಬೇಸಿಗೆಯ ಮುಂಚೆ ನೋಡಬೇಕು.

ಫೆಬ್ರವರಿ ಕೊನೆ ಅಥವಾ ಮಾರ್ಚ್ ಮೊದಲಲ್ಲಿ ಚಂದ್ರ ಇಲ್ಲದ ಒಂದು ಸಂಜೆ ಆರಿಸಿಕೊಳ್ಳಿ. ಫೆಬ್ರವರಿ 28 ರಾಷ್ಟ್ರೀಯ ವಿಜ್ಞಾನ ದಿನ, ಶಾಲೆಯವರು ಹೇಗೂ ಏನಾದರೂ ಮಾಡುತ್ತಾರೆ, ಅದಕ್ಕೇ ಸೇರಿಸಿಬಿಡಿ. ತೊಗರಿ ರಾಶಿ ಮುಗಿದಿರುತ್ತದೆ, ಮೋಡ ಇರುವುದಿಲ್ಲ, ಚಳಿಯೂ ಕಡಿಮೆ. ಊರ ಹೊರಗಿನ ಬಯಲಲ್ಲಿ ಜಮಖಾನ ಹಾಸಿ. ಬೀದಿ ದೀಪ ಹತ್ತಿರ ಇದ್ದರೆ ಪಂಚಾಯ್ತಿಯವರಿಗೆ ಮೊದಲೇ ಹೇಳಿ ಒಂದು ಗಂಟೆ ಆರಿಸಿಸಿ. ಮೊಬೈಲ್ ಎಲ್ಲ ಜೇಬಿನಲ್ಲಿ. ಕಣ್ಣು ಕತ್ತಲೆಗೆ ಒಗ್ಗಲು ಇಪ್ಪತ್ತು ನಿಮಿಷ ಬೇಕು, ಅಷ್ಟರಲ್ಲಿ ಚಹಾ ಕುಡಿಯಲಿ. ಟಾರ್ಚಿಗೆ ಕೆಂಪು ಬಣ್ಣದ ಹಾಳೆ ಸುತ್ತಿ. ತೋರಿಸಲು ಉದ್ದನೆಯ ಕೋಲು ಸಾಕು. ಲೇಸರ್ ಬೇಡ, ಮಕ್ಕಳ ಕಣ್ಣಿಗೆ ಬಿದ್ದರೆ ಕಷ್ಟ.

ರಾತ್ರಿ 8 ಗಂಟೆಗೆ ತೆಂಕಣಕ್ಕೆ ಮುಖ ಮಾಡಿ ನಿಲ್ಲಿಸಿ. ಮೇಲೆ ಒಂದೇ ಸಾಲಲ್ಲಿ ಮೂರು ಚುಕ್ಕಿ ಕಾಣುತ್ತವೆ, ಯಾರಿಗೂ ತಪ್ಪುವುದಿಲ್ಲ. ಅದಕ್ಕಿಂತ ಮೇಲೆ, ಹೆಚ್ಚುಕಡಿಮೆ ನೆತ್ತಿಯಲ್ಲೇ ಕೆಂಪಗೆ ಇರುವುದು ಆರಿದ್ರಾ. ಮೂರು ಚುಕ್ಕಿಯ ಸಾಲನ್ನು ಬಲಕ್ಕೆ, ಪಡುವಣದ ಕಡೆ ಮೇಲಕ್ಕೆ ಎಳೆದರೆ ಕೇಸರಿ ಬಣ್ಣದ ರೋಹಿಣಿ. ಇವೆರಡರ ನಡುವೆ ಮಂಕಾಗಿ ಗುಂಪು ಕಟ್ಟಿದ ಮೂರು ಸಣ್ಣ ಚುಕ್ಕಿಗಳೇ ಮೃಗಶಿರ, ನಮ್ಮ ಮಿರಗ. ಈಗ ಮೂಡಣಕ್ಕೆ ತಿರುಗಿಸಿ. ಕುಡುಗೋಲಿನ ಆಕಾರ ಹುಡುಕಲು ಹೇಳಿ. ಕುಡುಗೋಲು ಹಿಡಿದ ಕೈಗಳಿಗೆ ಅದು ಬೇಗ ಸಿಗುತ್ತದೆ, ನಮ್ಮೂರಲ್ಲಿ ಹೆಂಗಸರೇ ಮೊದಲು ಗುರುತಿಸಿದರು. ಅದರ ಹಿಡಿಯ ತುದಿಯಲ್ಲಿ ಹೊಳೆಯುವುದು ಮಘಾ. 'ಮಘಾ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು' ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಹೇಳಲಿ, ನೀವು ಕಾಯಿರಿ.

ಈಗ ಅಜ್ಜನನ್ನು ಮುಂದೆ ಕರೆಯಿರಿ. ಮಘಾ ನಮ್ಮಿಂದ ಸುಮಾರು 79 ಬೆಳಕಿನ ವರ್ಷ ದೂರ. ಅಂದರೆ ಈಗ ಕಣ್ಣಿಗೆ ಬೀಳುತ್ತಿರುವ ಬೆಳಕು ಅಲ್ಲಿಂದ ಹೊರಟು ಸುಮಾರು 79 ವರ್ಷ ಆಯಿತು. ದೇಶಕ್ಕೆ ಸ್ವಾತಂತ್ರ್ಯ ಬಂದು, ನಮ್ಮ ಭಾಗ ಇನ್ನೂ ನಿಜಾಮರ ಕೈಯಲ್ಲೇ ಇದ್ದು, ಊರೂರಲ್ಲಿ ರಜಾಕಾರರ ಹೆದರಿಕೆ ಇದ್ದ ಕಾಲದ ಆಸುಪಾಸು ಅದು. 1948ರ ಸೆಪ್ಟೆಂಬರ್ 17ಕ್ಕೆ ನಾವು ಬಿಡುಗಡೆಯಾದಾಗ ಈ ಬೆಳಕು ದಾರಿಯಲ್ಲಿತ್ತು. ಅಜ್ಜ ತೊಟ್ಟಿಲಲ್ಲಿದ್ದಾಗ ದಾರಿಯಲ್ಲಿತ್ತು, ಶಾಲೆಗೆ ಹೋಗುವಾಗ, ಮದುವೆಯಾಗುವಾಗ, ಮೊಮ್ಮಕ್ಕಳನ್ನು ಎತ್ತಿಕೊಳ್ಳುವಾಗಲೂ ನಿಲ್ಲದೆ ಬರುತ್ತಲೇ ಇತ್ತು, ಈ ರಾತ್ರಿ ಬಂದು ಅವರ ಕಣ್ಣಿಗೆ ಮುಟ್ಟಿತು. ಇದನ್ನು ಹೇಳಿ ಸುಮ್ಮನಿರಿ. ಅಜ್ಜ ಆ ಕಾಲದ ಬಗ್ಗೆ ಅವರ ಅಪ್ಪ ಅಮ್ಮನಿಂದ ಕೇಳಿದ್ದನ್ನು ಹೇಳಲು ಶುರು ಮಾಡುತ್ತಾರೆ. ಮಕ್ಕಳು ಒಮ್ಮೆ ಅವರನ್ನು, ಒಮ್ಮೆ ಮಘಾ ಕಡೆ ನೋಡುತ್ತಾ ಕೇಳುತ್ತಾರೆ.

ಉಳಿದವರಿಗೂ ಒಂದೊಂದು ನಕ್ಷತ್ರ ಇದೆ. ರೋಹಿಣಿ ಸುಮಾರು 65 ಬೆಳಕಿನ ವರ್ಷ, ಈಗ ಅರವತ್ತೈದರ ಹತ್ತಿರ ಇರುವವರಿಗೆ ಅದು ಹುಟ್ಟಿದ ವರ್ಷದ ಬೆಳಕು. ಸ್ವಾತಿ 37 ಬೆಳಕಿನ ವರ್ಷ, ಮಕ್ಕಳ ಅಪ್ಪ ಅಮ್ಮಂದಿರಿಗೆ ಸರಿ ಹೋಗುತ್ತದೆ, ಆದರೆ ಅದು ಹುಟ್ಟುವುದು ತಡ, ರಾತ್ರಿ ಹತ್ತರ ಮೇಲೆ. ಆರಿದ್ರಾ ಮಾತ್ರ ಯಾರ ವಯಸ್ಸಿಗೂ ಸಿಗದು. ಅದು 500ಕ್ಕೂ ಜಾಸ್ತಿ ಬೆಳಕಿನ ವರ್ಷ ದೂರ. ಬೀದರಿನ ಕೋಟೆಯಲ್ಲಿ ಬಹಮನಿ ಸುಲ್ತಾನರು ಆಳುತ್ತಿದ್ದ ಕಾಲದಲ್ಲಿ ಹೊರಟ ಬೆಳಕು ಅಂದರೆ ಹೆಚ್ಚೇನೂ ತಪ್ಪಲ್ಲ.

ಒಂದು ಸಂಜೆಗೆ ಇಷ್ಟು ಸಾಕು, ಜಾಸ್ತಿ ತುಂಬಬೇಡಿ. ಮುಂದಿನದ್ದು ಹಗಲಿನ ಕೆಲಸ.

ಸೇಗನ್ ಇಡೀ ವಿಶ್ವದ ಚರಿತ್ರೆಯನ್ನು ಒಂದು ವರ್ಷದ ಕ್ಯಾಲೆಂಡರಿಗೆ ಇಳಿಸಿ ತೋರಿಸುತ್ತಿದ್ದರು. ನಾನು ಕ್ಯಾಲೆಂಡರ್ ಬದಲು ಹಗ್ಗ ಮಾಡಿಕೊಂಡೆ, ಹಳ್ಳಿಯಲ್ಲಿ ಹಗ್ಗ ಸುಲಭವಾಗಿ ಸಿಗುತ್ತದೆ, ಮಕ್ಕಳು ಅದರ ಪಕ್ಕ ನಡೆಯಬಹುದು. ಒಟ್ಟು 69 ಮೀಟರ್ ಬೇಕು. ತುಂಡುಗಳನ್ನು ಗಂಟು ಹಾಕಿದರೂ ನಡೆಯುತ್ತದೆ. ವಿಶ್ವಕ್ಕೆ 1380 ಕೋಟಿ ವರ್ಷ ವಯಸ್ಸು. ಹಾಗಾಗಿ ಒಂದು ಮೀಟರ್ ಅಂದರೆ 20 ಕೋಟಿ ವರ್ಷ, ಒಂದು ಸೆಂಟಿಮೀಟರ್ 20 ಲಕ್ಷ ವರ್ಷ, ಒಂದು ಮಿಲಿಮೀಟರ್ 2 ಲಕ್ಷ ವರ್ಷ. ಲೆಕ್ಕ ಬಾಯಲ್ಲೇ ಆಗುತ್ತದೆ. ಶಾಲೆಯ ಮೈದಾನದಲ್ಲಿ ಉದ್ದಕ್ಕೆ ಹಾಸಿ, ಒಂದು ತುದಿ ವಿಶ್ವದ ಆರಂಭ, ಇನ್ನೊಂದು ತುದಿ ಇವತ್ತು. ಇವತ್ತಿನ ತುದಿಯಿಂದ ಹಿಂದಕ್ಕೆ ಅಳೆದು ಬಣ್ಣದ ಬಟ್ಟೆ ಚೂರು ಕಟ್ಟುತ್ತಾ ಹೋಗಿ.

ಭೂಮಿ ಹುಟ್ಟಿದ್ದು 22 ಮೀಟರ್ 70 ಸೆಂಟಿಮೀಟರಿನಲ್ಲಿ. ಅದಕ್ಕೂ ಹಿಂದೆ ಅರ್ಧಕ್ಕಿಂತ ಜಾಸ್ತಿ ಹಗ್ಗ ಉಳಿದಿರುತ್ತದೆ, ಆ ಉದ್ದವನ್ನು ಮಕ್ಕಳು ಪೂರ್ತಿ ನಡೆಯಲಿ, ಅವಸರ ಮಾಡಬೇಡಿ. ಆಮೇಲೆ ನಮ್ಮ ಎರೆ ಮಣ್ಣು. ತೊಗರಿ, ಜೋಳ ಬೆಳೆಯುವ ಈ ಕಪ್ಪು ಮಣ್ಣು ಸುಮಾರು 6.6 ಕೋಟಿ ವರ್ಷದ ಹಿಂದೆ ಭೂಮಿಯೊಳಗಿಂದ ಉಕ್ಕಿ ಹರಿದ ಲಾವಾ ಕಲ್ಲಾಗಿ, ಆ ಕಲ್ಲು ಸವೆದು ಆದದ್ದು. ಡೈನೋಸಾರ್‌ಗಳು ಅಳಿದದ್ದೂ ಅದೇ ಕಾಲದಲ್ಲಿ. ಹಗ್ಗದ ಮೇಲೆ ಅದು ತುದಿಯಿಂದ ಬರೀ 33 ಸೆಂಟಿಮೀಟರ್, ಸ್ಕೇಲಿಗಿಂತ ಸ್ವಲ್ಪ ಉದ್ದ. ಒಂದು ಮುಷ್ಟಿ ಹೊಲದ ಮಣ್ಣು ತಂದು ಅಲ್ಲೇ ಇಡಿ. ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು ಅದಕ್ಕಿಂತ ಎಷ್ಟೋ ಹಳೆಯದು, ಒಂದು ಚೂರು ಹಗ್ಗದ ಇನ್ನೂ ಹಿಂದೆ ಇಡಬಹುದು.

ಯಾದಗಿರಿ ಜಿಲ್ಲೆಯ ಹುಣಸಗಿ ಹತ್ತಿರದ ಇಸಾಂಪುರದಲ್ಲಿ ಆದಿಮಾನವರು ಕಲ್ಲಿನ ಕೊಡಲಿ ಮಾಡುತ್ತಿದ್ದ ಜಾಗ ಸಿಕ್ಕಿದೆ. ಪುಣೆಯ ಡೆಕ್ಕನ್ ಕಾಲೇಜಿನವರು ಅಗೆದು ನೋಡಿ, 12 ಲಕ್ಷ ವರ್ಷದಷ್ಟು ಹಳೆಯದು ಅಂತ ಅಂದಾಜು ಮಾಡಿದ್ದಾರೆ. ನಮ್ಮ ಪಕ್ಕದ ಜಿಲ್ಲೆ, ಗೊತ್ತಿರುವವರು ಎಷ್ಟು ಕಡಿಮೆ! ಹಗ್ಗದ ಮೇಲೆ ಅದು 6 ಮಿಲಿಮೀಟರ್. ನಮ್ಮಂಥ ಮನುಷ್ಯರು ಬಂದು 3 ಲಕ್ಷ ವರ್ಷ, ಅದು ಒಂದೂವರೆ ಮಿಲಿಮೀಟರ್. ಇಷ್ಟರಲ್ಲಿ ಯಾರಾದರೂ ಸನ್ನತಿ ಎಲ್ಲಿ ಬರುತ್ತದೆ ಅಂತ ಕೇಳುತ್ತಾರೆ, ಅಶೋಕನ ಶಾಸನ ಸಿಕ್ಕ ಊರು ನಮ್ಮ ತಾಲ್ಲೂಕಿನದ್ದೇ ಅಲ್ವಾ. ಆಗ ಒಬ್ಬರ ತಲೆಯಿಂದ ಒಂದು ಕೂದಲು ಕೇಳಿ ತೆಗೆದುಕೊಳ್ಳಿ. ಕೂದಲಿನ ದಪ್ಪ ಈ ಹಗ್ಗದ ಲೆಕ್ಕದಲ್ಲಿ ಸುಮಾರು 14 ಸಾವಿರ ವರ್ಷ. ಅಶೋಕ, ಮಳಖೇಡದ ರಾಷ್ಟ್ರಕೂಟರು, ಬಸವಣ್ಣ, ಬಹಮನಿಗಳು, ಬಂದೇ ನವಾಜರು, ಶರಣಬಸವರು, ಅಷ್ಟೇ ಯಾಕೆ ಮನುಷ್ಯ ಮೊದಲ ಬೀಜ ಬಿತ್ತಿದ್ದರಿಂದ ಹಿಡಿದು ಇವತ್ತಿನವರೆಗೆ ಎಲ್ಲವೂ ಆ ಒಂದು ಕೂದಲಿನ ದಪ್ಪದೊಳಗೆ. ಮೈದಾನದಲ್ಲಿ ಗದ್ದಲ ಮಾಡುವ ಹುಡುಗರು ಇಲ್ಲಿ ಸುಮ್ಮನಾಗುವುದನ್ನು ನಾನು ಪ್ರತಿ ಸಲ ನೋಡಿದ್ದೇನೆ.

ಕೋಲಿನ ಆಟಕ್ಕೆ ಬೆಂಗಳೂರಲ್ಲಿ ಒಬ್ಬರು ಬೇಕು. ದುಡಿಯಲು ಹೋದವರು ಯಾವ ಮನೆಯಲ್ಲಿ ಇಲ್ಲ? ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ ಈಜಿಪ್ಟಿನಲ್ಲಿ ಎರಟೋಸ್ತನೀಸ್ ಎರಡು ಊರಿನ ನೆರಳು ಹೋಲಿಸಿ ಭೂಮಿಯ ಸುತ್ತಳತೆ ಲೆಕ್ಕ ಹಾಕಿದ್ದನ್ನು ಸೇಗನ್ ಟಿವಿಯಲ್ಲಿ ಒಂದು ರಟ್ಟನ್ನು ಬಾಗಿಸಿ ಎರಡು ಕಡ್ಡಿ ನಿಲ್ಲಿಸಿ ತೋರಿಸಿದ್ದರು. ನಮಗೆ ಒಳ್ಳೆಯ ದಿನ ಮೇ 9ರ ಆಸುಪಾಸು. ಆ ದಿನ ಮಧ್ಯಾಹ್ನ 12:20ರ ಹತ್ತಿರ ಸೂರ್ಯ ಕಲಬುರಗಿಯ ನೆತ್ತಿಗೆ ಸರಿಯಾಗಿ ಬರುತ್ತಾನೆ, ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಯಾದಗಿರಿಯಲ್ಲಿ ಒಂದೆರಡು ದಿನ ಮೊದಲು, ಬೀದರಿನಲ್ಲಿ ಒಂದೆರಡು ದಿನ ತಡ. ಕೋಲು ನೆಟ್ಟಗೆ ಇದೆಯೋ ಇಲ್ಲವೋ ನೋಡಲು ಗೌಂಡಿಯ ತೂಗುಗುಂಡು ತನ್ನಿ. ಅದೇ ದಿನ ಬೆಂಗಳೂರಿನವರು ಒಂದು ಮೀಟರ್ ಕೋಲು ನಿಲ್ಲಿಸಿ, ಹನ್ನೆರಡರಿಂದ ಹನ್ನೆರಡೂವರೆವರೆಗೆ ಎರಡೆರಡು ನಿಮಿಷಕ್ಕೆ ನೆರಳು ಅಳೆದು, ಎಲ್ಲಕ್ಕಿಂತ ಚಿಕ್ಕದನ್ನು ಫೋನಲ್ಲಿ ಹೇಳಲಿ. 7.6 ಸೆಂಟಿಮೀಟರ್ ಹತ್ತಿರ ಬರಬೇಕು. ಬೆಂಗಳೂರು ನಮ್ಮಿಂದ ನೇರ ತೆಂಕಣಕ್ಕೆ ಸುಮಾರು 485 ಕಿಲೋಮೀಟರ್, ಇದು ರೈಲಿನ ದೂರ ಅಲ್ಲ. 485ನ್ನು 7.6ರಿಂದ ಭಾಗಿಸಿ, 628ರಿಂದ (ಕೋಲಿನ 100 ಸೆಂಟಿಮೀಟರ್ × 2 × 3.14) ಗುಣಿಸಿ. 40 ಸಾವಿರ ಕಿಲೋಮೀಟರ್ ಚಿಲ್ಲರೆ ಬರುತ್ತದೆ. ಅದು ಭೂಮಿಯ ಸುತ್ತಳತೆ. ನೆರಳು ಅರ್ಧ ಸೆಂಟಿಮೀಟರ್ ಹೆಚ್ಚುಕಡಿಮೆ ಆದರೆ ಉತ್ತರ ಎರಡೂವರೆ ಸಾವಿರ ಕಿಲೋಮೀಟರ್ ಆಚೀಚೆ ಹೋಗುತ್ತದೆ. ಅದನ್ನೂ ಮುಚ್ಚಿಡಬೇಡಿ, ಎಲ್ಲಿ ತಪ್ಪಾಯಿತು ಅಂತ ಹುಡುಕುವುದೇ ಮಕ್ಕಳಿಗೆ ಜಾಸ್ತಿ ಖುಷಿ ಕೊಡುತ್ತದೆ.

ಊಟದ ಹೊತ್ತಿಗೆ ಜೋಳದ ರೊಟ್ಟಿ ಅರ್ಧ ಮಾಡುತ್ತಾ ಹೋಗುವ ಆಟ ಆಡಿಸಬಹುದು. ಹತ್ತು ಹನ್ನೆರಡು ಸಲಕ್ಕೆ ಕೈಯಲ್ಲಿ ಬರೀ ಪುಡಿ. ಒಂದು ಪರಮಾಣುವಿಗೆ ಮುಟ್ಟಬೇಕಾದರೆ 80ಕ್ಕೂ ಜಾಸ್ತಿ ಸಲ ಮಾಡಬೇಕು. ಹರಿದ ರೊಟ್ಟಿಯನ್ನೆಲ್ಲ ತಿನ್ನಿಸಿಬಿಡಿ, ತಿನ್ನುವಾಗ ಆ ರೊಟ್ಟಿಯಲ್ಲಿರುವ ಕಬ್ಬಿಣ ಯಾವುದೋ ನಕ್ಷತ್ರದೊಳಗೆ ಬೆಂದು ಬಂದದ್ದು ಅಂತ ಹೇಳಿ.

ಈಗ ಕಷ್ಟದ ಮಾತು. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ನಮ್ಮ ಜಿಲ್ಲೆಯಲ್ಲಿ ಅಂಗವಿಕಲ ಮಕ್ಕಳನ್ನು ವಾಸಿಯಾಗಲಿ ಅಂತ ಕುತ್ತಿಗೆವರೆಗೆ ಮಣ್ಣಲ್ಲಿ ಹೂತ ಸುದ್ದಿ ನಾಡಿನ ತುಂಬ ಬಂತು. ಓದಿ ಬಹಳ ನೊಂದೆ. ಆದರೆ ಆ ತಂದೆತಾಯಿಗಳನ್ನು ಬೈದವರನ್ನು ನೋಡಿ ಇನ್ನೂ ನೊಂದೆ. ಮಗುವಿನ ಮೇಲಿನ ಪ್ರೀತಿಯಿಂದ, ಬೇರೆ ದಾರಿ ಕಾಣದೆ ಮಾಡಿದವರು ಅವರು. ಸೇಗನ್ ಸಾಯುವ ಮುಂಚಿನ ವರ್ಷ, 1995ರಲ್ಲಿ, ಇಂಥ ನಂಬಿಕೆಗಳ ವಿರುದ್ಧವೇ ಒಂದು ಪುಸ್ತಕ ಬರೆದರು. ಅಲ್ಲೂ ಅವರು ನಂಬುವ ಜನರನ್ನು ಕೀಳಾಗಿ ಕಾಣಲಿಲ್ಲ. ನಿಮ್ಮ ಕಾರ್ಯಕ್ರಮದಲ್ಲಿ ಗ್ರಹಣದ ಮಾತು ಬಂದರೆ ನಗಬೇಡಿ, ನಗುವವರನ್ನು ತಡೆಯಿರಿ. ಹಿಂದಿನ ಗ್ರಹಣದಲ್ಲಿ ನೀವು ಏನು ನೋಡಿದಿರಿ ಅಂತ ಮೊದಲು ಅವರನ್ನೇ ಕೇಳಿ. ಆಮೇಲೆ ಸೂರ್ಯನಿಗೆ ದೀಪ, ಚಂದ್ರನಿಗೆ ಲಿಂಬೆಹಣ್ಣು, ಭೂಮಿಗೆ ಮಗುವಿನ ತಲೆ ಅಂತ ಇಟ್ಟು ನೆರಳು ಹೇಗೆ ಬೀಳುತ್ತದೆ ತೋರಿಸಿ. ಅಂಗವಿಕಲ ಮಗು ಇರುವ ಮನೆಗೆ ಗ್ರಹಣಕ್ಕೆ ತಿಂಗಳ ಮುಂಚೆಯೇ ಹೋಗಿ ಮಾತಾಡಿ, ಡಾಕ್ಟರ ಹತ್ತಿರ ಜೊತೆಗೆ ಹೋಗಿ. ಆ ದಿನ ಹೋಗಿ ಭಾಷಣ ಮಾಡಿದರೆ ಏನೂ ಆಗುವುದಿಲ್ಲ.

ಮುಂದೆ 2027ರ ಆಗಸ್ಟ್ 2, ಸೋಮವಾರ ಮಧ್ಯಾಹ್ನದ ಮೇಲೆ ನಮ್ಮಲ್ಲಿ ಪಾರ್ಶ್ವ ಸೂರ್ಯಗ್ರಹಣ ಇದೆ. ಮಳೆಗಾಲ, ಮೋಡ ಇರಬಹುದು, ಆದರೂ ತಯಾರಾಗಿ. ಗ್ರಹಣದ ಕನ್ನಡಕ ಬಿಟ್ಟು ಬೇರೆ ಯಾವುದರಲ್ಲೂ ಸೂರ್ಯನನ್ನು ನೇರ ನೋಡಿಸಬೇಡಿ. ಎಕ್ಸರೇ ಹಾಳೆ ಬೇಡ, ಬಣ್ಣದ ಗಾಜು ಬೇಡ. ಕನ್ನಡಕ ಇಲ್ಲದಿದ್ದರೆ ಸೂರ್ಯನಿಗೆ ಬೆನ್ನು ಮಾಡಿ ನಿಂತು, ಅಡುಗೆ ಮನೆಯ ತೂತಿನ ಸೌಟು ಹಿಡಿದು ಅದರ ನೆರಳು ನೋಡಲಿ, ಒಂದೊಂದು ತೂತಿಗೂ ಒಂದೊಂದು ಕಚ್ಚಿದ ಸೂರ್ಯ. ಬೇವಿನ ಮರದ ಕೆಳಗೂ ಹಾಗೇ ಕಾಣುತ್ತದೆ.

ಸಿಲೆಬಸ್ ಬಿಟ್ಟು ಇದೇನು ಅಂತ ಹೇಳುವವರು ಇರುತ್ತಾರೆ. ಸೇಗನ್‌ಗೂ ಇದ್ದರು. 1992ರಲ್ಲಿ ಅಮೆರಿಕದ ವಿಜ್ಞಾನ ಅಕಾಡೆಮಿ ಅವರನ್ನು ಸದಸ್ಯರಾಗಿ ತೆಗೆದುಕೊಳ್ಳಲಿಲ್ಲ. ಎರಡೇ ವರ್ಷದಲ್ಲಿ, ಜನರಿಗೆ ವಿಜ್ಞಾನ ಮುಟ್ಟಿಸಿದ್ದಕ್ಕೆ ಅದೇ ಅಕಾಡೆಮಿ ಪದಕ ಕೊಟ್ಟಿತು. ಇನ್ನು ನಿಮಗೆ ಉತ್ತರ ಗೊತ್ತಿಲ್ಲದ ಪ್ರಶ್ನೆ ಬಂದರೆ ಗೊತ್ತಿಲ್ಲ ಅನ್ನಿ, ಒಂದು ಡಬ್ಬಿಯಲ್ಲಿ ಚೀಟಿ ಬರೆದು ಹಾಕಿಸಿ. ಪುಣೆಯ ಖಗೋಳ ವಿಜ್ಞಾನಿ ಜಯಂತ ನಾರ್ಳೀಕರ್ ಆಟೋಗ್ರಾಫ್ ಕೇಳುವ ಮಕ್ಕಳಿಗೆ, ಒಂದು ಪ್ರಶ್ನೆ ಬರೆದು ಪೋಸ್ಟ್‌ಕಾರ್ಡ್ ಕಳಿಸಿ, ಉತ್ತರದ ಜೊತೆ ಸಹಿ ಹಾಕುತ್ತೇನೆ ಅನ್ನುತ್ತಿದ್ದರಂತೆ. ಆ ಚೀಟಿಗಳನ್ನು ಹಿಡಿದು ಕಲಬುರಗಿಯ ಜಿಲ್ಲಾ ವಿಜ್ಞಾನ ಕೇಂದ್ರಕ್ಕೆ ಮಕ್ಕಳನ್ನು ಒಂದು ದಿನ ಕರೆದುಕೊಂಡು ಹೋಗಿ.

ಆಕಾಶ ನೋಡುವ ರಾತ್ರಿಯ ಕೊನೆಗೆ ಎರಡು ವಿಷಯ ಇಟ್ಟುಕೊಳ್ಳಿ. ಒಂದು ಫೋಟೋ. ಸೇಗನ್ ಹಟ ಹಿಡಿದು ಕೇಳಿದ್ದರಿಂದ 1990ರ ಫೆಬ್ರವರಿ 14ರಂದು ವಾಯೇಜರ್ 1 ನೌಕೆ ಸುಮಾರು 600 ಕೋಟಿ ಕಿಲೋಮೀಟರ್ ದೂರದಿಂದ ಹಿಂತಿರುಗಿ ಭೂಮಿಯ ಚಿತ್ರ ತೆಗೆಯಿತು. ಮೊಬೈಲಿನಲ್ಲಿ ಕೈಯಿಂದ ಕೈಗೆ ದಾಟಿಸಿ. ನಮ್ಮೂರಲ್ಲಿ ಒಬ್ಬ ಹುಡುಗ ಧೂಳು ಅಂದುಕೊಂಡು ಅಂಗಿಯಿಂದ ಸ್ಕ್ರೀನ್ ಒರೆಸಿದ. ಒರೆಸಿದರೂ ಹೋಗಲಿಲ್ಲ. ಅದೇ ಭೂಮಿ ಕಣೋ ಅಂದೆ.

ಇನ್ನೊಂದು ಧ್ವನಿ. ಎಂದಾದರೂ ಬೇರೆ ಲೋಕದವರಿಗೆ ಸಿಕ್ಕರೆ ಕೇಳಲಿ ಅಂತ 1977ರಲ್ಲಿ ಎರಡು ವಾಯೇಜರ್ ನೌಕೆಗಳಲ್ಲಿ ಚಿನ್ನದ ಲೇಪದ ಗ್ರಾಮಫೋನ್ ತಟ್ಟೆ ಕಳಿಸಿದರು. ಅದರಲ್ಲಿ ಏನಿರಬೇಕು ಅಂತ ಆರಿಸಿದ ಸಮಿತಿಗೆ ಸೇಗನ್ ಮುಖ್ಯಸ್ಥರು. ಕೇಸರಬಾಯಿ ಕೇರ್ಕರ್ ಹಾಡಿದ ಭೈರವಿ ಅದರಲ್ಲಿದೆ. 55 ಭಾಷೆಗಳ ನಮಸ್ಕಾರ ಇದೆ, ಅದರಲ್ಲಿ ಕನ್ನಡವೂ ಒಂದು. 'ನಮಸ್ತೆ, ಕನ್ನಡಿಗರ ಪರವಾಗಿ ಶುಭಾಶಯಗಳು.' ನಾಸಾ ಜಾಲತಾಣದಲ್ಲಿ ಸಿಗುತ್ತದೆ, ಮೊದಲೇ ಇಳಿಸಿಟ್ಟುಕೊಳ್ಳಿ, ಬಯಲಲ್ಲಿ ನೆಟ್‌ವರ್ಕ್ ನಂಬಬೇಡಿ. ಒಂದು ನೌಕೆ ಈಗ ಸುಮಾರು 2,500 ಕೋಟಿ ಕಿಲೋಮೀಟರ್ ದೂರ ಇದೆ, ಬೆಳಕು ಅಲ್ಲಿಗೆ ಮುಟ್ಟಲು ಹತ್ತಿರ ಹತ್ತಿರ ಒಂದು ದಿನ ಬೇಕು. ಕತ್ತಲೆಯಲ್ಲಿ ಕೇಳಿಸಿ, ಎರಡು ಸಲ.

ಆಮೇಲೆ, ನಿಮ್ಮನ್ನು ಕೇಳಿದ್ದರೆ ಏನು ಹೇಳಿ ಕಳಿಸುತ್ತಿದ್ದಿರಿ ಅಂತ ಒಬ್ಬೊಬ್ಬರನ್ನೇ ಕೇಳಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಮಕ್ಕಳು ಹೆಸರು, ಊರು ಹೇಳುತ್ತಾರೆ. ಹೋದ ಸಲ ಹಿಂದೆ ಕೂತಿದ್ದ ಒಬ್ಬ ಅಜ್ಜಿ ಸೆರಗು ಸರಿ ಮಾಡಿಕೊಂಡು, ಮೊಬೈಲನ್ನು ಬಾಯಿಯ ಹತ್ತಿರ ಹಿಡಿದು ಹೇಳಿದರು: 'ಆರಾಮ ಅದೀರಿಲ್ರಿ? ಆ ಕಡಿ ಮಳಿ ಬೆಳಿ ಹ್ಯಾಂಗದ?'